ಡೆನ್ ದೊರೆ ಓಡಿದ ಹಾಗೆ

ಮುದುಕರು ಬಿದ್ದುಬಿಟ್ಟರೆ? ಬಿದ್ದರೆ ಜನ ಮೊದಲು ತಿರುಗಿ ನೋಡುವುದು ತನ್ನ ಮುಖವನ್ನೇ ಅಲ್ಲವೇ? ಮೋಹಿತ್ ಮೈದಾನದ ಅಂಚಿನ ಸಿಲ್ವರ್ ಓಕ್ ಮರದ ಪಕ್ಕ ನಿಂತು, ತನ್ನ ಮುಖ ಈಗ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಿದ. ಭಾಷಣದಲ್ಲಿ ಆ ಕೊನೆಯ ವಾಕ್ಯ ಬಿಟ್ಟಿದ್ದರೆ ಇವತ್ತು ಇದೇನೂ ಇರುತ್ತಿರಲಿಲ್ಲ.

ಎದುರಿಗೆ, ಮೈದಾನದ ನಡುವೆ, ಬೆಳೆಗಾರರ ಸಂಘದ ಅಧ್ಯಕ್ಷ ಬಸವರಾಜಪ್ಪನವರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಹೊಸ ಕ್ಯಾನ್ವಾಸ್ ಶೂಗಳ ಲೇಸು ಬಿಗಿಯುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಸೊಂಟದ ಹಿಂದೆ ಒಂದು ಬಾಲ ಇಳಿಬಿದ್ದಿತ್ತು.

ಬಾಲಕ್ಕೆ ಕಾರಣವೂ ಮೋಹಿತನೇ. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಕಳಸಕ್ಕೆ ಬಂದು ಸಂಘದ ವಾಚನಾಲಯ ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ. ವಾರ್ಷಿಕ ಸಭೆಯಲ್ಲಿ ಅವನ ಭಾಷಣ ಇದೆ ಎಂದಾಗ, ಊಟದ ಹೊತ್ತಿಗೆ ಹೋದರಾಯಿತು ಎಂದುಕೊಂಡವರೇ ಹೆಚ್ಚು. ಅವನು ಹೇಳಿದ್ದು ಡೆನ್ ಎಂಬ ದೊರೆಯ ಕತೆ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಈಜಿಪ್ಟನ್ನು ಬಹುಕಾಲ ಆಳಿದವನು. ಅಲ್ಲಿ ಮೂವತ್ತು ವರ್ಷ ಆಳಿದ ದೊರೆ ಸೊಂಟಕ್ಕೆ ಗೂಳಿಯ ಬಾಲ ಕಟ್ಟಿಕೊಂಡು, ಎರಡು ಗುರುತುಗಳ ನಡುವೆ ಓಡಿ, ತನ್ನಲ್ಲಿ ಇನ್ನೂ ಕಸುವಿದೆ ಎಂದು ತೋರಿಸುತ್ತಿದ್ದನಂತೆ. ಡೆನ್ ಓಡುತ್ತಿರುವ ಚಿತ್ರ ಪುಟ್ಟ ಮರದ ತುಂಡೊಂದರ ಮೇಲೆ ಇಂದಿಗೂ ಉಳಿದಿದೆ.

"ಓಡಲಾಗದ ದೊರೆ ಕುರ್ಚಿ ಬಿಡಬೇಕಿತ್ತು," ಎಂದು ಮುಗಿಸಿ ಮೋಹಿತ್ ಕುಳಿತ.

ಎಲ್ಲರ ಕಣ್ಣೂ ಅಧ್ಯಕ್ಷರ ಕಡೆ ತಿರುಗಿತು. ಬಸವರಾಜಪ್ಪನವರು ಅಧ್ಯಕ್ಷರಾಗಿ ಅದೇ ತಿಂಗಳಿಗೆ ಮೂವತ್ತು ವರ್ಷ ತುಂಬಿತ್ತು. ಅವರೆದುರು ನಿಲ್ಲುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಪ್ರತಿ ಚುನಾವಣೆಯಲ್ಲೂ ಅವರು ಬಾಯಿ ತೆರೆಯುವ ಮೊದಲೇ ಕೊರಳಿಗೆ ಹಾರ ಬೀಳುತ್ತಿತ್ತು.

ಅವರು ನಿಧಾನವಾಗಿ ಎದ್ದರು. "ಹಾಗಾದ್ರೆ ಭಾನುವಾರ ನಾನೂ ಓಡ್ತೀನಿ. ಎರಡು ಗುರುತೂ ಮುಟ್ಟಿದ್ರೆ ನಾನೇ ಅಧ್ಯಕ್ಷ. ಮುಟ್ಟದಿದ್ರೆ ಹಬೀಬ್ ಸಾಹೇಬ್ರು."

ಕಾರ್ಯದರ್ಶಿ ಹಬೀಬುರ್ರಹ್ಮಾನ್ ಅವರ ಬಾಯಿಯ ಹತ್ತಿರ ಬಂದಿದ್ದ ಬೋಂಡ ಅಲ್ಲೇ ನಿಂತಿತು. ಆ ಕುರ್ಚಿಯ ಮೇಲೆ ಅವರಿಗೆ ಆಸೆ ಇದ್ದದ್ದು ಪೇಟೆಗೆಲ್ಲ ಗೊತ್ತಿತ್ತು. ಮರುದಿನವೇ ಸುದ್ದಿ ಹಬ್ಬಿತು: ಹುಡುಗನಿಗೆ ಹೇಳಿಕೊಟ್ಟು ಆ ಭಾಷಣ ಮಾಡಿಸಿದ್ದು ಹಬೀಬ್. ಅವರು ಆಣೆ ಇಟ್ಟು ಅಲ್ಲಗಳೆದರು. ಯಾರೂ ನಂಬಲಿಲ್ಲ. ಮೋಹಿತ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಹೀಗೆ ಭಾನುವಾರ ಬಂದಿತ್ತು. ಒಂದು ಗುರುತು ಸಿಲ್ವರ್ ಓಕ್ ಮರ. ಇನ್ನೊಂದು, ಮೈದಾನದ ಆಚೆ ತುದಿಗೆ ಹೊತ್ತು ತಂದಿಟ್ಟ ಅಧ್ಯಕ್ಷರ ಕುರ್ಚಿ. ಗೂಳಿಯ ಬಾಲ ಸಿಗದ ಕಾರಣ ಹಬೀಬರ ಹೆಂಡತಿ ಕುಲ್ಸುಮ್ ತಮ್ಮ ಜಡೆಯ ಚೌರಿ ಕೊಟ್ಟಿದ್ದರು.

"ಬಾಲ ಎಡಕ್ಕೆ ವಾಲಿದೆ ಮಾರಾಯ," ಎಂದರು ಮೆಣಸು ಬೆಳೆಯುವ ಶಿವಯ್ಯ. ಸೀಟಿ ಅವರ ಕೈಯಲ್ಲಿತ್ತು.

"ಜೋಪಾನ. ಅದು ನಮ್ಮ ತಂಗಿ ಮದುವೆಗೆ ತಗೊಂಡಿದ್ದು," ಎಂದರು ಕುಲ್ಸುಮ್. "ಕೆಸರಾದ್ರೆ ಅಧ್ಯಕ್ಷರೇ ತೊಳೆದುಕೊಡ್ಬೇಕು."

"ಯಾವ ಅಧ್ಯಕ್ಷರು?" ಎಂದರು ಶಿವಯ್ಯ.

ಶಿವಯ್ಯ ಸೀಟಿ ಊದಿದರು. ಬಸವರಾಜಪ್ಪನವರು ಎಲ್ಲರೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಓಡಿದರು. ಮರ ಮುಟ್ಟಿ ತಿರುಗುವಾಗ ಮೋಹಿತನ ಕಡೆ ಬಗ್ಗಿ, "ಮುಖ ಸಡಿಲ ಬಿಡು ಮಾರಾಯ," ಎಂದು ಪಿಸುಗುಟ್ಟಿದರು. ಮೋಹಿತನ ಮುಖ ಇನ್ನಷ್ಟು ಬಿಗಿಯಿತು.

ಚೌರಿ ಗಾಳಿಯಲ್ಲಿ ಹಾರುತ್ತಿತ್ತು. ಜನ ಚಪ್ಪಾಳೆ ಶುರುಮಾಡಿದರು. ಹಬೀಬ್ ಕಣ್ಣು ಮುಚ್ಚಿಕೊಂಡರು. ಕುರ್ಚಿ ಇನ್ನೇನು ಕೈಯಳತೆಯಲ್ಲಿದೆ ಎನ್ನುವಾಗ ಬಸವರಾಜಪ್ಪನವರು ಮೊಣಕಾಲು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು.

"ಆಗ್ಲಿಲ್ಲ," ಎಂದರು.

"ಕೈ ಚಾಚಿದ್ರೆ ಸಾಕು," ಎಂದು ಶಿವಯ್ಯ ಓಡಿಬಂದರು. ಕೂತವರು ಕೈ ಚಾಚಲಿಲ್ಲ. ಶಿವಯ್ಯ ಇನ್ನೊಬ್ಬರನ್ನು ಕರೆದು ಕುರ್ಚಿಯನ್ನೇ ಎತ್ತಿ ಅವರ ಹತ್ತಿರ ತಂದರು. ಬಸವರಾಜಪ್ಪನವರು ಕೂತಲ್ಲಿಂದಲೇ ಹಿಂದಕ್ಕೆ ಜರುಗಿದರು. ಕುರ್ಚಿ ಮತ್ತೆ ಮುಂದೆ ಬಂತು. ಅವರು ಮತ್ತೆ ಜರುಗಿದರು. ಬಾಲ ಕೆಸರಾಯಿತು. ಹೀಗೇ ಬೇಲಿಯ ತನಕ ಹೋದರು.

"ಬೇಡ. ದೊರೆ ಕುರ್ಚಿ ಹತ್ರ ಹೋಗ್ಬೇಕು. ಕುರ್ಚಿ ದೊರೆ ಹತ್ರ ಬರಬಾರದು."

ಶಿವಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡರು. ಹಬೀಬ್ ಪಕ್ಕಕ್ಕೆ ಬಂದು ಕುಕ್ಕರಿಸಿದರು. "ಒಂದು ಗೇಣು ಅಲ್ವಾ ಅಣ್ಣಾ. ಮುಟ್ಟಿದ ಹಾಗೇ ಅಂದ್ಕೊಳ್ಳೋಣ. ನೀವೇ ಇರಿ."

ಅಷ್ಟು ಓಡಿದಾಗಲೂ ಕೆಂಪಗಿದ್ದ ಬಸವರಾಜಪ್ಪನವರ ಮುಖ ಆಗ ಬಿಳಿಚಿಕೊಂಡಿತು. "ಸಾಹೇಬ್ರೇ, ಆಡಿದ ಮಾತು ಮಾತೇ," ಎಂದು ಜೇಬಿನಿಂದ ಸಂಘದ ಮೊಬೈಲ್ ತೆಗೆದು, ರಾಜದಂಡ ಒಪ್ಪಿಸುವವರ ಹಾಗೆ ಎರಡೂ ಕೈಯಿಂದ ನೀಡಿದರು. ತೋಟಕ್ಕೆ ಆನೆ ನುಗ್ಗಿದರೂ, ಟ್ರಾನ್ಸ್‌ಫಾರ್ಮರ್ ಸುಟ್ಟರೂ, ಪಕ್ಕದವನು ಬೇಲಿ ಒತ್ತಿದರೂ ಬೆಳೆಗಾರರು ಕರೆ ಮಾಡುತ್ತಿದ್ದದ್ದು ಅದಕ್ಕೇ. ಹಬೀಬರ ಕೊರಳಿಗೆ ಹಾರ ಬೀಳುವ ಮೊದಲೇ ಮೊಬೈಲ್ ಬಡಿದುಕೊಂಡಿತು.

"ಹೌದು, ಅಧ್ಯಕ್ಷನೇ ಮಾತಾಡ್ತಿರೋದು," ಎಂದರು ಹಬೀಬ್, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ದೂರು ಬರೆದುಕೊಳ್ಳಲು ಜೇಬಿನಲ್ಲಿ ಪೆನ್ನು ಹುಡುಕತೊಡಗಿದರು.

ಬಸವರಾಜಪ್ಪನವರು ಕುಂಟುತ್ತ ಜೀಪಿನ ಕಡೆ ನಡೆದರು. ಜನ ಗೌರವದಿಂದ ದಾರಿ ಬಿಟ್ಟರು. ಶಿವಯ್ಯ ಮೋಹಿತನ ಎದುರು ಬಂದು ನಿಂತರು. "ಸಮಾಧಾನ ಆಯ್ತಾ? ಒಬ್ಬ ದೊಡ್ಡ ಮನುಷ್ಯನ್ನ ನೆಲಕ್ಕೆ ಕೂರಿಸಿದ್ರಲ್ಲ, ನೀನೂ ಸಾಹೇಬ್ರೂ ಸೇರಿ."

ಸಭೆಗೆ ಮೊದಲು ಒಂದು ಮಧ್ಯಾಹ್ನ ವಾಚನಾಲಯಕ್ಕೆ ಬಂದು, ಬಾಗಿಲು ಮುಂದೆ ಮಾಡಿ, "ಬಿಡ್ತೀನಿ ಅಂದ್ರೆ ಇವ್ರು ಬಿಡಲ್ಲ ಮಾರಾಯ, ಕುರ್ಚಿಯಿಂದ ಇಳಿಯೋಕೆ ದಾರಿ ಇದ್ದ ಒಬ್ಬ ದೊರೆನ ಹುಡುಕಿಕೊಡು, ಅಂಥವನು ಸಿಗದಿದ್ರೆ ಸಿಕ್ಕವನ ಕತೆಗೇ ಅಂಥ ಒಂದು ದಾರಿ ಸೇರಿಸು," ಎಂದು ಕೈ ಹಿಡಿದು ಬೇಡಿಕೊಂಡವರು ಬಸವರಾಜಪ್ಪನವರೇ ಎಂಬುದನ್ನು ಮೋಹಿತ್ ಯಾರಿಗೂ, ಯಾವತ್ತೂ ಹೇಳಲಿಲ್ಲ.