ಉದ್ದ ಕೈಯವನ ಮೊಳ

ರೇವಣಸಿದ್ದಪ್ಪ ಮಲ್ಲಿಗೆ ದಂಡೆಯನ್ನು ಮೊಳಕೈಯಿಂದ ನಡುಬೆರಳ ತುದಿಯವರೆಗೆ ಎಳೆದು ಹಿಡಿದಿದ್ದ. ಇನ್ನೇನು ಕತ್ತರಿ ಹಾಕಬೇಕು, ಅಷ್ಟರಲ್ಲಿ ಪಕ್ಕದ ಬುಟ್ಟಿಯ ಈಶ್ವರಮ್ಮ ಎದ್ದು ಬಂದು ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದುಕೊಂಡಳು.

"ಈ ಕೈ ಹಿಂಗೇ ಇರ್ಲಿ. ಎಲ್ರೂ ನೋಡ್ಲಿ."

ಹೂವಿಗೆಂದು ನಿಂತಿದ್ದ ಹೆಂಗಸು ಗಾಬರಿಬಿದ್ದು ಮುಂದಿನ ಬುಟ್ಟಿಗೆ ಹೋದಳು. ಭಾನುವಾರದ ರಾಹುಕಾಲ. ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ಗುಡಿಗೆ ಹೊರಟ ಜನ ಫುಟ್‌ಪಾತ್ ತುಂಬಿದ್ದರು. ಇಂಥ ಹೊತ್ತಿನಲ್ಲಿ ಈಶ್ವರಮ್ಮ ತನ್ನ ಬುಟ್ಟಿ ಬಿಟ್ಟು ಏಳುವವಳಲ್ಲ. ಆ ಸಾಲಿನಲ್ಲಿ ಯಾರು ಕೂರಬೇಕು, ಯಾರು ಕೂರಬಾರದು ಅನ್ನುವುದು ಅವಳ ಬಾಯಲ್ಲೇ ತೀರ್ಮಾನವಾಗುವುದು.

"ಬಿಡಿ ಈಶ್ವರಮ್ಮನೋರೆ. ಏನ್ ತಪ್ಪು ಮಾಡಿದೀನಿ ನಾನು?"

ಅವಳು ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೆ ಸರಿಸಿ, ತನ್ನ ಕೈಯನ್ನು ಅವನ ಕೈಗೆ ಜೋಡಿಸಿಟ್ಟಳು. ಮೊಳಕೈಗೆ ಮೊಳಕೈ. ಅವಳ ನಡುಬೆರಳು ಅವನ ಬೆರಳುಗಳು ಶುರುವಾಗುವಲ್ಲಿಗೇ ಮುಗಿದುಹೋಯಿತು.

"ನೋಡು, ಇದು ನಿನ್ ಮೊಳ, ಇದು ನಮ್ ಮೊಳ. ಆ ಉದ್ದ ಕೈಯೋರ ಹತ್ರ ತಗೊಳ್ಳೋಣ ಅಂತ ಜನ ನಮ್ಮನ್ನೆಲ್ಲ ದಾಟ್ಕೊಂಡು ಬರ್ತಾರೆ. ನಾವೇನು ಇಲ್ಲಿ ಕೂತ್ಕೊಂಡು ಭಜನೆ ಮಾಡೋಣ್ವಾ? ಹೋಗ್ಲಿ, ನೀನಾದ್ರೂ ಉದ್ಧಾರ ಆಗಿದೀಯಾ? ಮಾರ್ಕೆಟ್ಟಲ್ಲಿ ತೂಕದಲ್ಲಿ ತರ್ತೀಯ, ಇಲ್ಲಿ ಕೈಯಲ್ಲಿ ಅಳೀತೀಯ. ನಿನ್ ಲಾಭನೆಲ್ಲ ನಿನ್ ಕೈನೇ ತಿಂತಾ ಇದೆ ಕಣಯ್ಯ!"

ರೇವಣಸಿದ್ದಪ್ಪನಿಗೆ ನೆತ್ತಿಯ ಮೇಲೆ ಯಾರೋ ಹೊಡೆದಂತಾಯಿತು. ಹೆಂಡತಿ ತೀರಿಕೊಂಡ ಮೇಲೆ, ಅವಳ ಔಷಧಿಗೆ ಹೋಗಿ ಉಳಿದ ಪಾತ್ರೆಪಗಡದ ಜೊತೆ ಮಗಳು ಮೇಘಶ್ರೀಯನ್ನು ಕರೆದುಕೊಂಡು ಹಿರಿಯೂರಿನ ಕಡೆಯಿಂದ ಬೆಂಗಳೂರಿನ ಹೊಸಕೆರೆಹಳ್ಳಿಗೆ ಬಂದವನು ಅವನು. ಹೂ ಬೆಳೆದು ಗೊತ್ತಿತ್ತು, ಕೂತು ಮಾರಿ ಗೊತ್ತಿರಲಿಲ್ಲ. ದಿನಾ ಎಲ್ಲರಿಗಿಂತ ಮೊದಲು ಅವನ ಬುಟ್ಟಿಯೇ ಖಾಲಿಯಾಗುತ್ತಿತ್ತು. ಆದರೂ ನಾಳೆಯ ಹೂವಿಗೆ ಎತ್ತಿಟ್ಟರೆ ಚೀಲದಲ್ಲಿ ಉಳಿಯುವುದು ಬರೀ ಚಿಲ್ಲರೆ. ಅತ್ತೆ ಕಮಲಾದೇವಿ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: ಈ ತಿಂಗಳು ಸ್ಕೂಲ್ ಫೀಸ್ ಕಟ್ಟದಿದ್ದರೆ ಮೇಘಾಳನ್ನು ಬಂದು ಕರೆದುಕೊಂಡು ಹೋಗುತ್ತೇನೆ ಎಂದು. ಮಾರಿದ ಹೂವಿನ ಕಾಸು ಎಲ್ಲಿ ಸೋರುತ್ತಿದೆ? ತಲೆಕೆಟ್ಟು, ಇವಳೇ ಎತ್ತಿಕೊಂಡಿರಬಹುದೆಂಬ ಅನುಮಾನದಲ್ಲಿ ನಿನ್ನೆ ಅವನು ಮಗಳ ಸ್ಕೂಲ್ ಬ್ಯಾಗನ್ನು ಚಾಪೆಯ ಮೇಲೆ ಬೋರಲು ಹಾಕಿ ಕೊಡವಿದ್ದ. ಮೇಘಶ್ರೀ ಅಳಲಿಲ್ಲ. ಬಿದ್ದ ಪೆನ್ಸಿಲುಗಳನ್ನು ಆರಿಸಿ ಒಳಗಿಟ್ಟುಕೊಂಡಳು. ಆಮೇಲೆ ಅವಳ ಬಾಯಿಂದ ಅಪ್ಪ ಅನ್ನುವ ಮಾತು ಬಂದಿಲ್ಲ.

ಈಗ ಅವಳು ಹಿಂದೆ ಗೋಣಿಚೀಲದ ಮೇಲೆ ಬೆನ್ನು ತಿರುಗಿಸಿ ಕೂತು ಬಾಳೆನಾರು ಸೀಳುತ್ತಿದ್ದಳು. ಈಶ್ವರಮ್ಮನ ಮಾತಿಗೆ ನಾರು ಸೀಳುವ ಸದ್ದು ನಿಂತಿತ್ತು.

"ನಮ್ ಕಡೆ ಮೊಳ ಅಂದ್ರೆ ಬೆರಳ ತುದಿವರ್ಗೂ ಅಮ್ಮ," ಅಂದ ರೇವಣಸಿದ್ದಪ್ಪ. "ಏನ್ ಮಾಡ್ಲಿ, ಕೈ ಕಡ್ಕೊಳ್ಳಕ್ಕಾಗುತ್ತಾ?"

"ಕಡ್ಕೋಬೇಡ, ಮಡಚ್ಕೊ." ಈಶ್ವರಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಕಟ್ಟಿಸಿದಳು. "ಇಲ್ಲೀವರ್ಗೆ ಅಳೆ. ಎಲ್ರಿಗೂ ಸರಿಸಮ. ಆಗಲ್ವಾ, ಈಗ್ಲೇ ಬುಟ್ಟಿ ಎತ್ತು."

ಅವಳು ಹೋಗಿ ಕೂರುವುದಕ್ಕೂ ಪದ್ಮನಾಭನಗರದ ಸುಧಾಮಣಿ ಮೇಡಂ ಬರುವುದಕ್ಕೂ ಸರಿಹೋಯಿತು. ಅವನು ಇಲ್ಲಿ ಕೂತಂದಿನಿಂದ ಭಾನುವಾರ ತಪ್ಪಿಸದೆ ಬರುತ್ತಿದ್ದವರು.

"ಎರಡು ಮೊಳ ಮಲ್ಲಿಗೆ ಕೊಡಿ ರೇವಣ್ಣ. ನಿಮ್ಮ ಹೂವಂದ್ರೆ ನಮ್ಮನೆ ದೇವರ ಪಟಕ್ಕೆ ಸುತ್ತಿ, ನನ್ನ ಮುಡಿಗೂ ಮಿಗುತ್ತೆ ನೋಡಿ."

ಸಾಲಿನ ಹೆಂಗಸರೆಲ್ಲ ಹೂ ಕಟ್ಟುವುದು ನಿಲ್ಲಿಸಿ ನೋಡುತ್ತಿದ್ದರು. ಅವನು ದಂಡೆಯನ್ನು ಮೊಳಕೈಗೆ ಒತ್ತಿ ಎಳೆದ. ರೂಢಿಯಂತೆ ಬೆರಳುಗಳು ಚಾಚಿಕೊಂಡವು. ಪಕ್ಕದಿಂದ ಈಶ್ವರಮ್ಮ ಕೆಮ್ಮಿದಳು. ಮೇಘಶ್ರೀ ಯಾವಾಗಲೋ ಇತ್ತ ತಿರುಗಿದ್ದಳು. ಅವಳ ಕಣ್ಣು ಅವನ ಕೈ ಮೇಲೇ ಇತ್ತು. ರೇವಣಸಿದ್ದಪ್ಪ ಬೆರಳು ಮಡಚಿದ. ಕತ್ತರಿಸಿದ. ಇನ್ನೊಂದು ಮೊಳವನ್ನೂ ಹಾಗೆಯೇ.

ಸುಧಾಮಣಿ ಬಾಳೆಲೆಯ ಪೊಟ್ಟಣವನ್ನು ಅಂಗೈಯಲ್ಲಿ ಒಮ್ಮೆ ಎತ್ತಿ ನೋಡಿದರು. ಅವನ ಮುಷ್ಟಿಯನ್ನು ನೋಡಿದರು. ಚೌಕಾಸಿ ಮಾಡದೆ ದುಡ್ಡು ಕೊಟ್ಟರು.

"ಅಂತೂ ನೀವೂ ಬೆಂಗಳೂರಿನೋರಾದ್ರಿ ಬಿಡಿ, ರೇವಣ್ಣ," ಎಂದು ನಕ್ಕು, ಗುಡಿಯ ಕಡೆ ನಡೆದರು.

"ಏನೂ ಅನ್ಕೋಬೇಡ," ಅಂದಳು ಈಶ್ವರಮ್ಮ, ಹೂವಿಗೆ ನೀರು ಚಿಮುಕಿಸುತ್ತ. "ಮುಂದಿನ್ ವಾರಾನೂ ಬರ್ತಾರೆ. ಎಲ್ಲಿಗೆ ಹೋಗ್ತಾರೆ?"

ರಾಹುಕಾಲ ಮುಗಿದು ಜನ ಕರಗಿದಾಗ ಬುಟ್ಟಿಯಲ್ಲಿ ಇನ್ನೂ ಹೂವಿತ್ತು. ನಾಳೆಯ ಹೂವಿನ ಕಾಸು ಎತ್ತಿಟ್ಟ ಮೇಲೂ ಚೀಲದಲ್ಲಿ ನೋಟುಗಳಿದ್ದವು. ಫೀಸಿಗೆ ಸಾಲದು, ಆದರೆ ಹೀಗೇ ನಡೆದರೆ ತಿಂಗಳ ಕೊನೆಗೆ ಸಾಕಾಗಬಹುದು. ಒದ್ದೆ ಬಟ್ಟೆ ಮುಚ್ಚಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಅವನು ರಸ್ತೆ ದಾಟಲು ಸಿಗ್ನಲ್ಲಿನ ಬಳಿ ನಿಂತ. ಬಸ್ಸುಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಬ್ಯಾಗಿನ ವಿಷಯ ಎತ್ತಬೇಕೆಂದು ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿದ.

ಅಷ್ಟರಲ್ಲಿ ಪುಟ್ಟ ಕೈಯೊಂದು ಬಂದು ಅವನ ಬೆರಳ ಗೆಣ್ಣುಗಳ ಮೇಲೆ ಸಂದು ಹುಡುಕುತ್ತ ತಡವರಿಸಿತು.

"ಅಪ್ಪಾ," ಅಂದಳು ಮೇಘಶ್ರೀ. "ಮುಷ್ಟಿ ಬಿಡು. ನಾನು ಎಲ್ಲಿ ಹಿಡ್ಕೊಳ್ಲಿ?"