ಊರೆಲ್ಲ ಓದಿದ ಹೆಣ್ಣು

ಶೇಷಗಿರಿಯ ಕಾದಂಬರಿ ಹೊರಬಂದ ತಿಂಗಳಲ್ಲೇ ಊರಲ್ಲಿ ಗದ್ದಲವೆದ್ದಿತು. ಅದರ ನಾಯಕಿ ಸಂಗೀತದ ಟೀಚರು. ಎಡಗೆನ್ನೆಯ ಮೇಲೆ ಸುಟ್ಟ ಕಲೆ, ಕಂಡಕಂಡವರ ಸಹವಾಸ. ಅಂಥದೇ ಕಲೆಯಿದ್ದ ಸಂಗೀತದ ಟೀಚರು ಆ ಊರಿಗೆ ಒಬ್ಬಳೇ, ಕುಮುದಿನಿ. ಶಾಲೆಯವರು ಅವಳನ್ನು ಕೆಲಸದಿಂದ ಬಿಡಿಸಿದರು. ಗೊತ್ತಾಗಿದ್ದ ಮದುವೆ ಮುರಿಯಿತು. ತಂದೆ ಗುಂಡಾಚಾರ್ಯರು ಚೌಕದಲ್ಲಿ ನಿಂತು ಪುಸ್ತಕವನ್ನು ಸುಟ್ಟರು. ಆಮೇಲೆ ನಾಚಿಕೆಯಿಂದ ಹೊಸ್ತಿಲು ದಾಟಲಿಲ್ಲ. ಕಾದಂಬರಿ ಮಾತ್ರ ಮೂರು ಮುದ್ರಣ ಕಂಡಿತು.

ಒಂದು ಮಧ್ಯಾಹ್ನ ಶೇಷಗಿರಿಯೇ ಅವರ ಮನೆಗೆ ಬಂದ.

"ನಿಮ್ಮ ಜೋಡಿ ನಾ ಒಂದು ಮಾತೂ ಆಡಿದಾಕಿ ಅಲ್ಲ," ಎಂದಳು ಕುಮುದಿನಿ. "ಯಾಕ ಹಿಂಗ ಬರದ್ರಿ?"

"ಅದಕ್ಕೇ ಬರದೆ. ಆರು ವರ್ಷ ನಿಮ್ಮ ಶಾಲಿ ಮುಂದ ನಿಂತೆ. ನೀವು ಒಮ್ಮೆನೂ ತಿರುಗಿ ನೋಡ್ಲಿಲ್ಲ."

"ಅದೆಲ್ಲಾ ಸುಳ್ಳು ಅಂತ ಪೇಪರಿನ್ಯಾಗ ಹಾಕಸ್ರಿ. ಕೈ ಮುಗೀತೀನಿ."

"ಹಾಕಸ್ತೀನಿ."

ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಜೀವ ಬಂತು.

"ಆದ್ರ ಇನ್ನ ನಿಮ್ಮನ್ನ ಯಾರು ಮಾಡ್ಕೋತಾರ?" ಎಂದ ಅವನು ಮೆಲ್ಲಗೆ. "ನಾನೇ ಮಾಡ್ಕೋತೀನಿ."

ಅವಳ ಮೈಯೆಲ್ಲ ಉರಿಯಿತು. "ಬಾವಿ ಬೀಳ್ತೀನಿ, ನಿಮ್ಮ ಕೈ ಹಿಡಿಯಂಗಿಲ್ಲ! ಅಪ್ಪಾ, ಇವರನ್ನ ಹೊರಗ ಹಾಕ್ರಿ!"

ಒಳಗಿನಿಂದ ಗುಂಡಾಚಾರ್ಯರು ಎದ್ದು ಬಂದರು. ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವರು ಹೋಗಿ ಬೀದಿಬಾಗಿಲಿಗೆ ಅಗಳಿ ಹಾಕಿದರು.

"ಕೂಡ್ರಿ," ಎಂದರು ಅವನಿಗೆ. "ನಿಮ್ಮ ಗೋತ್ರ ಯಾವುದ್ರಿ?"