ಏಕಾಂತಮ್ಮ ಎಂಬ ಕುರಿ

“ಲೇ ಏಕಾಂತಮ್ಮ, ಹೊಟ್ಟೆಬಾಕಿ, ಎಲ್ಲಾ ನಿನಗೇ ಬೇಕೇನೆ? ಉಂಡಿದ್ದು ಸಾಲಲ್ವಾ?”

ಬೆಳಗಾಗುತ್ತಲೇ ಕುರಿರೊಪ್ಪದಿಂದ ಕೆಂಚಕ್ಕನ ಬೈಗುಳ. ಬೈಸಿಕೊಂಡ ಕುರಿ ಮೂಲೆಯಲ್ಲಿ ತಣ್ಣಗೆ ಮೆಲುಕು ಹಾಕುತ್ತಿತ್ತು. ಮೇವಿಗೆ ಬಾಯಿ ಹಾಕಿಯೇ ಇರಲಿಲ್ಲ. ಕೆಂಚಕ್ಕನ ಗಂಡ ಜುಂಜಪ್ಪ ಎಂದಿನಂತೆ ಕಂಬಳಿ ಹೆಗಲಿಗೆಸೆದು ಬೀದಿಗೆ ನಡೆದ. ಆ ಹೆಸರು ಕಿವಿಗೆ ಬಿದ್ದರೆ ಆಸಾಮಿ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ರಂಜಿತಾ ಮದಕರಿಪುರದ ಆ ಮನೆಗೆ ಸೊಸೆಯಾಗಿ ಬಂದು ಮೂರು ವಾರವಾಗಿತ್ತು. ಬಂದ ದಿನ ಮಡಿಲಿಗೊಂದು ಹೆಣ್ಣು ಕುರಿಮರಿ ಹಾಕಿದ್ದರು. ಅಮಾವಾಸ್ಯೆಯೊಳಗೆ ಅದಕ್ಕೆ ಸೊಸೆಯೇ ಹೆಸರಿಡಬೇಕು, ಮನೆಯ ವಾಡಿಕೆ. ಅದೇ ದಿನ ಬೈಸಿಕೊಂಡದ್ದೂ ಆಯಿತು. ನೆರೆಯವರ ಮುಂದೆ ಅತ್ತೆಯ ಹೆಸರು ಹೇಳಿಬಿಟ್ಟಿದ್ದಳು.

“ಅತ್ತೆ ಹೆಸರು ಸೊಸೆ ಬಾಯಾಗೆ ಬರಬಾರ್ದು. ಎದುರುಮಾತೂ ಬರಬಾರ್ದು. ನಮ್ಮತ್ತೆ ಇರೋಗಂಟ ನಾನು ಇಪ್ಪತ್ತು ವರ್ಷ ಹಂಗೇ ಬಾಳಿದೀನಿ,” ಎಂದಿದ್ದಳು ಕೆಂಚಕ್ಕ.

ಅಂದಿನಿಂದ ರಂಜಿತಾ ನುಂಗಿದ ಉತ್ತರಗಳು ಗಂಟಲಲ್ಲೇ ಸಾಲುಗಟ್ಟಿದ್ದವು. ಒಂದನ್ನಾದರೂ ಆಚೆ ಹಾಕಲು ದಾರಿ ಹುಡುಕುತ್ತಿದ್ದಳು.

ಉಳಿದ ಕುರಿಗಳೆಲ್ಲ ಬೂದಿ, ಕರಿಮೂತಿ, ಮೋಟಗಿವಿ. ಇದೊಂದಕ್ಕೇ ಯಾಕೆ ಇಂಥ ಹೆಸರು?

“ಏಕಾಂತಮ್ಮ ಅಂತ ಯಾಕಿಟ್ರಿ, ಅತ್ತೆ?”

“ಒಂಟಿಯಾಗಿ ಮೇಯ್ತಾಳೆ, ಅದಕ್ಕೆ.”

ಆ ಕುರಿಯೋ, ಹಿಂಡು ಬಿಟ್ಟು ಗೇಣು ಸರಿದದ್ದಿಲ್ಲ.

ಮಾವನನ್ನು ಕೇಳಿದಳು. “ಇದಕ್ಕೂ ಮುಂಚೆ ಎರಡು ಇದ್ವು ಕಣವ್ವ. ಅವೂ ಏಕಾಂತಮ್ಮನೇ. ನನ್ನೇನೂ ಕೇಳಬ್ಯಾಡ,” ಎಂದು ಜುಂಜಪ್ಪ ಕಂಬಳಿ ಕೊಡವಿದ.

ಸೋಮವಾರ ರಂಜಿತಾ ತನ್ನ ಹೆಸರು ಸೇರಿಸಲು ಮನೆಯ ಹಳೇ ರೇಷನ್ ಕಾರ್ಡ್ ಹಿಡಿದು ದುರ್ಗದ ತಾಲ್ಲೂಕು ಕಚೇರಿಗೆ ಹೋದಳು. ಸರದಿಯಲ್ಲಿ ನಿಂತು ಕಾರ್ಡ್ ಬಿಡಿಸಿದವಳು ಕಿಸಕ್ಕನೆ ನಕ್ಕಳು. ವಾಪಸು ಬರುವಾಗ ಬಸ್ಸಿನಲ್ಲೂ ನಗು ನಿಲ್ಲಲಿಲ್ಲ. ಪಕ್ಕದಲ್ಲಿದ್ದಾಕೆ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಕೆಂಚಕ್ಕ ರೊಪ್ಪದ ಕಲ್ಲಿನ ಮೇಲೆ ಕೂತು ಏಕಾಂತಮ್ಮನಿಗೆಂದು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು.

“ನಾಳೆ ಅಮಾಸೆ. ಮರಿಗೆ ಹೆಸರು ಸಿಕ್ತೇನೆ?”

“ಸಿಕ್ತು, ಅತ್ತೆ.”

“ಏನಂತ?”

“ಅದನ್ನ ನಾನು ಬಾಯಿಬಿಟ್ಟು ಹೇಳಂಗಿಲ್ಲ. ನೀವೇ ಕಲಿಸಿದ್ದಲ್ವಾ?” ಎಂದು ರಂಜಿತಾ ಕಾರ್ಡನ್ನು ಬಿಡಿಸಿ ಅತ್ತೆಯ ಮುಂದಿಟ್ಟಳು.

ಕೆಂಚಕ್ಕ ಬೆರಳಿಟ್ಟು ಓದಿದಳು. ಮನೆಯ ಮುಖ್ಯಸ್ಥೆ, ಏಕಾಂತಮ್ಮ. ಮಗ, ಜುಂಜಪ್ಪ. ಸೊಸೆ, ಕೆಂಚಕ್ಕ. ಬೆರಳು ಆ ಕೊನೆಯ ಹೆಸರಿನ ಮೇಲೆ ನಿಂತಿತು.

ಅವಳು ತಲೆಯೆತ್ತಿ ಸೊಸೆಯ ಮರಿಯತ್ತ ನೋಡಿದಳು. ಆಮೇಲೆ ಮೊರದಲ್ಲಿದ್ದ ಹುರುಳಿಯನ್ನೆಲ್ಲ ಅದರ ಮುಂದೆ ಸುರಿದಳು.